ತೆಬಾನ್ ಕಟ್ಟಿದ ಗೋಡೆ

ತೆಬಾನ್ ಮೇಸ್ತ್ರಿ ಮರಳಿನ ರುಚಿ ನೋಡದೆ ಗಾರೆ ಕಲಸಿದವನಲ್ಲ. ಲಾರಿ ಬಂದು ನಿಂತ ಕೂಡಲೇ ಮೂರು ಕಡೆಯಿಂದ ಮೂರು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟು, ಅಡುಗೆಯವನು ಸಾರಿನ ಹದ ನೋಡುವ ಹಾಗೆ ಕಣ್ಣು ಮುಚ್ಚುತ್ತಿದ್ದ. ಸಪ್ಪೆಯಿದ್ದರೆ ಸರಿ. ಎಳ್ಳಷ್ಟು ಉಪ್ಪಿನ ಸುಳಿವು ಸಿಕ್ಕರೂ ಲಾರಿ ಬಂದ ದಾರಿಯಲ್ಲೇ ವಾಪಸ್. ಕಡಲ ದಂಡೆಯ ಊರು, ಮನೆ ಹಿಂದೆಯೇ ಬೇಕಾದಷ್ಟು ಮರಳು ಪುಕ್ಕಟೆ ಬಿದ್ದಿರುತ್ತದೆ. ಹಾಗಿರುವಾಗ ದೂರದ ಹೊಳೆಯ ಮರಳಿಗೆ ದಿನಗಟ್ಟಲೆ ಕಾಯುವುದೆಂದರೆ ಎಲ್ಲರ ಕೈಯಲ್ಲಿ ಆಗುವ ಕೆಲಸವಲ್ಲ. ಆಸೆಬುರುಕರು ಸಮುದ್ರದ ಮರಳನ್ನೇ ಬೆರೆಸಿ ಕೈ ತೊಳೆದುಕೊಳ್ಳುತ್ತಾರೆ. ಆಮೇಲೆ ಗೋಡೆ ಬೆವರುತ್ತದೆ, ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ, ಸಿಮೆಂಟು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ದಸೋಲ್ ಕರಾವಳಿಯಲ್ಲಿ ಒಬ್ಬ ಮೇಸ್ತ್ರಿಯನ್ನು ಮುಗಿಸಬೇಕೆಂದರೆ 'ಅವನದು ಸಮುದ್ರದ ಮರಳು' ಅಂದರಾಯಿತು, ಬೇರೆ ಬೈಗುಳ ಬೇಕಾಗಿಲ್ಲ.

ಮೂವತ್ತೊಂದು ವರ್ಷದಲ್ಲಿ ತೆಬಾನನಿಗೆ ಯಾರೂ ಆ ಮಾತು ಅಂದಿರಲಿಲ್ಲ. ಈಗ ಅಂದರು. ಅದೂ ಎಲ್ಲಿ, ಅವನು ಜನ್ಮದಲ್ಲೇ ಅತಿ ಪ್ರೀತಿಯಿಂದ ಕಟ್ಟಿದ ಮನೆಯ ವಿಷಯದಲ್ಲಿ.

ಅದು ಅವನ ಹೆಂಡತಿ ಕೋರಿಂಗಳ ಅಕ್ಕ ಓಫೇಲಿಯಾಳ ಮನೆ. ಓಫೇಲಿಯಾ ಹದಿನಾಲ್ಕನೇ ವಯಸ್ಸಿಗೆ ಓದಲೆಂದು ಮನಿಲಾಕ್ಕೆ ಹೋದವಳು. ದಾದಿಯಾದಳು, ದಾದಿಯರಿಗೆಲ್ಲ ಮೇಲ್ವಿಚಾರಕಿಯಾದಳು, ಮದುವೆಯ ಗೋಜಿಗೆ ಹೋಗಲಿಲ್ಲ, ಅರವತ್ತೊಂದಾಯಿತು. ಊರಿಗೆ ಬಂದರೆ ಮೂರು ರಾತ್ರಿ, ನಾಲ್ಕನೆಯ ಬೆಳಿಗ್ಗೆ ಬಸ್ಸು. ಈಗ ಕೈಯಲ್ಲಿ ಸ್ವಲ್ಪ ಬಿಡುವು, ರಜೆಯಲ್ಲಿ ಬಂದು ಇರೋದಕ್ಕೆ ಒಂದು ಪುಟ್ಟ ಮನೆ ಬೇಕು ಅಂದಳು. ಅಮ್ಮನ ಮನೆಯಿಂದ ಕೂಗಳತೆಯಲ್ಲಿ, ಸಮುದ್ರಕ್ಕೆ ಮುಖ ಮಾಡಿ, ಒಂದು ಮಲಗುವ ಕೋಣೆ, ಒಂದು ಹಜಾರ, ಅಡುಗೆಮನೆ, ಕಾಲು ಚಾಚಿ ಕೂರಲು ಒಂದು ಜಗುಲಿ. ಜನವರಿಯಲ್ಲಿ ಪಾಯ ತೆಗೆದ ತೆಬಾನ್ ಮೇ ತಿಂಗಳಿಗೆ ಬಣ್ಣ ಬಳಿದು ಬೀಗದ ಕೈ ಕೊಟ್ಟ. ಎಳನೀರಿನ ಬಣ್ಣದ ಗೋಡೆ. ಓಫೇಲಿಯಾ ಅದರ ಮೇಲೆ ಅಂಗೈ ಆಡಿಸಿ, "ಮಗುವಿನ ಬೆನ್ನಿದ್ದ ಹಾಗಿದೆಯಲ್ಲೋ ತೆಬಾನ್" ಅಂದಿದ್ದಳು. ಸಾವಿರಾರು ಮಕ್ಕಳ ಬೆನ್ನು ತಟ್ಟಿದ ಹೆಂಗಸು, ಅವಳ ಮಾತಿಗೆ ಬೆಲೆಯಿದೆ.

ಜೂನಿನಲ್ಲಿ ಮಳೆ ಹಿಡಿಯಿತು. ಮೊದಲ ವಾರ ಮೂಲೆಗಳಲ್ಲಿ ಅಂಗೈಯಗಲದ ಕಲೆ. ಎರಡನೆಯ ವಾರ ಬಣ್ಣ ಬೊಕ್ಕೆಯೆದ್ದು ಉದುರತೊಡಗಿತು. ಮೂರನೆಯ ವಾರಕ್ಕೆ ಮಲಗುವ ಕೋಣೆಯಲ್ಲಿ, ಸರಿಯಾಗಿ ಮಂಚದ ತಲೆದೆಸೆಗೆ, ಒಂದಾಳು ಕೈ ಚಾಚಿ ನಿಂತಷ್ಟು ಅಗಲಕ್ಕೆ ಗೋಡೆ ಒಸರುತ್ತಿತ್ತು. ರಜೆಗೆಂದು ಬಂದ ಓಫೇಲಿಯಾಳ ದಿಂಬು ಬೆಳಗಾಗುವುದರೊಳಗೆ ಒದ್ದೆ, ಗೋಡೆಗೆ ತಗುಲಿಸಿದ್ದ ಅಪ್ಪನ ಫೋಟೋದ ಒಳಗೆ ಬೂಷ್ಟು. ಮೂರು ರಾತ್ರಿಯೂ ತುಂಬಲಿಲ್ಲ, ಎರಡಕ್ಕೇ ಬಸ್ಸು ಹತ್ತಿದಳು.

ತೆಬಾನ್ ಹೇಗೆ ಒದ್ದಾಡಿದ ಎಂದರೆ ಕೋರಿಂಗಳಿಗೆ ಮರುಕ ಬಂತು. ಮಾಡು ಹತ್ತಿ ಒಂದೊಂದು ತಗಡಿನ ಮೊಳೆಯನ್ನೂ ಮುಟ್ಟಿ ನೋಡಿದ. ನೀರಿನ ಪೈಪು ಬಿಚ್ಚಿ ಮತ್ತೆ ಜೋಡಿಸಿದ. ಮನೆ ಸುತ್ತ ಮೊಣಕಾಲುದ್ದದ ಕಾಲುವೆ ತೋಡಿದ. ನೀರು ತಡೆಯುವ ಬಣ್ಣವೆಂದು ಮಾರುವುದನ್ನೆಲ್ಲ ತಂದು ಬಳಿದ. ಅದೂ ನಾಲ್ಕು ದಿನಕ್ಕೆ ಹಾವಿನ ಪೊರೆಯ ಹಾಗೆ ಸುಲಿದು ಬಂತು. ವಿಚಿತ್ರವೆಂದರೆ ಮಳೆಯ ಏಟು ಬೀಳದ ಒಳಗೋಡೆಯೂ ಬೆವರುತ್ತಿತ್ತು. ಹನಿ ಬೀಳದೆ ಬರೀ ಮೋಡ ಕವಿದರೂ ಬೆವರುತ್ತಿತ್ತು.

ಇದಕ್ಕೆಲ್ಲ ಅತ್ತೆಯ ಟೀಕೆ ಬೇರೆ. ಅತ್ತೆ ಸಾಬೆಲಳಿಗೆ ಎಂಬತ್ತೊಂದು, ಊರೆಲ್ಲ ಅವಳನ್ನು ಅಮ್ಮನೆಂಬ ಅರ್ಥದಲ್ಲಿ ನಾನಂಗ್ ಅನ್ನುತ್ತದೆ, ತೆಬಾನನೂ ಹಾಗೇ ಅನ್ನುತ್ತಾನೆ. ಅವಳ ತವರು, ಗಂಡನ ಮನೆ ಎರಡೂ ಉಪ್ಪು ಬೆಳೆಯುವವರು. ಗದ್ದೆಗಳು ಈಗ ಸಿಗಡಿ ಕೆರೆಯಾಗಿವೆ, ಆದರೆ ಅವಳ ನಾಲಿಗೆಯ ಖಾರ ಮಾತ್ರ ಇಂಗಿರಲಿಲ್ಲ.

"ಗೋಡೆ ಕಟ್ಟೋ ಅಂದ್ರೆ ಸೋಸೋ ಬಟ್ಟೆ ಕಟ್ಟಿದ್ದೀಯಲ್ಲೋ," ಅನ್ನುವಳು. "ನನ್ನ ಮಗಳು ರಜೆಗೆ ಬಂದಿದ್ದೋ, ದೋಣಿ ಮೇಲೆ ಮಲಗೋಕೆ ಬಂದಿದ್ದೋ?"

"ಕಾರಣ ಹುಡುಕ್ತಾ ಇದ್ದೀನಿ ನಾನಂಗ್."

"ಹುಡುಕು ಹುಡುಕು. ಕನ್ನಡಿಯಲ್ಲೂ ಒಂದ್ಸಲ ಹುಡುಕು."

ತೆಬಾನನಿಗೆ ಇದು ತಾಕುತ್ತಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಕೇಳಿದ ರಾಗ. ಒಂದು ಸಲ ಅವನು ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡು ಐದು ತಿಂಗಳು ಮಲಗಿದ್ದಾಗ, ಇದೇ ಮುದುಕಿ ದಿನಾ ಗಂಜಿ ಕಾಯಿಸಿ ತಂದು ಬಾಯಿಗೆ ಹಾಕಿದ್ದಳು. ಒಂದು ಚಮಚ ಗಂಜಿ, ಒಂದು ಬೈಗುಳ. 'ನುಂಗು, ಮುಠ್ಠಾಳ.' ಅವನು ಎದ್ದು ಓಡಾಡುವ ಹೊತ್ತಿಗೆ ಅವಳ ಕಿವಿಯ ಓಲೆ ಇರಲಿಲ್ಲ. ಎಲ್ಲಿ ಹೋಯಿತೆಂದು ಕೇಳಿದ್ದಕ್ಕೂ ಬೈದಿದ್ದಳು.

ತಾಕಿದ್ದು ಪೇಟೆಯ ಮಾತು. ಶಾಲೆಯ ಮೇಡಂ ಒಬ್ಬರು ಅಡುಗೆಮನೆ ದೊಡ್ಡದು ಮಾಡಿಸುವ ಕೆಲಸವನ್ನು ತೆಬಾನನಿಗೇ ಒಪ್ಪಿಸಿದ್ದರು. ಅವರು ಸಿಮೆಂಟಿನಂಗಡಿ ಮುಂದೆ ಸಿಕ್ಕಿ, ಕಣ್ಣು ತಪ್ಪಿಸಿ, "ಮಳೆ ಕಳೀಲಿ ಮೇಸ್ತ್ರಿ, ನೋಡೋಣ" ಅಂದರು. ಅಂಗಡಿಯಾಕೆ ಲೆಕ್ಕವಿಲ್ಲದಷ್ಟು ಸಲ ಅವನ ಜೊತೆ ಹರಟಿದವಳು, ಅವತ್ತು ಮೊಳೆ ಎಣಿಸುತ್ತ ಮುಖ ಎತ್ತಲಿಲ್ಲ. ತೆಬಾನನಿಗೆ ಅರ್ಥವಾಯಿತು. ಮಾತು ಕಿವಿಯಿಂದ ಕಿವಿಗೆ ಹೋಗಿಬಿಟ್ಟಿದೆ.

ಬುಧವಾರ ಓಫೇಲಿಯಾ ಫೋನು ಮಾಡಿದಳು. ದನಿಯಲ್ಲಿ ಕೋಪವಿರಲಿಲ್ಲ, ಅದೇ ಕಷ್ಟ. "ತೆಬಾನ್, ಶನಿವಾರ ಒಬ್ಬ ಇಂಜಿನಿಯರನ್ನ ಕರ್ಕೊಂಡು ಬರ್ತೀನಿ. ಬೇಜಾರು ಮಾಡ್ಕೋಬೇಡ. ನಾನು ಒಂದು ಕೇಳ್ತೀನಿ, ನಿಜ ಹೇಳು. ಮರಳು ಎಲ್ಲಿಂದ ಬಂತು?"

"ಹೊಳೆಯದು ಅಕ್ಕಾ. ಪ್ರತಿ ಲಾರಿಯದೂ ನಾನೇ ತಿಂದು ನೋಡಿದ್ದೀನಿ."

"ಸರಿ," ಅಂದಳು. ಆ 'ಸರಿ'ಯಲ್ಲಿ ನಂಬಿಕೆ ಎಷ್ಟಿತ್ತೋ ದೇವರಿಗೇ ಗೊತ್ತು. ಆಮೇಲೆ ಅಮ್ಮನ ವಿಷಯ ಎತ್ತಿದಳು. "ಮತ್ತೆ ಒಲೆ ಮೇಲೆ ಪಾತ್ರೆ ಇಟ್ಟು ಮರ್ತಳಂತೆ? ಕೋರಿಂಗ್ ಹೇಳಿದ್ಲು. ಇನ್ನೊಂದೇ ಸಲ ಹೀಗೇನಾದ್ರೂ ಎಡವಟ್ಟಾಗ್ಲಿ, ಮನಿಲಾಕ್ಕೆ ಕರ್ಕೊಂಡು ಬರ್ತೀನಿ. ನಮ್ಮ ಆಸ್ಪತ್ರೆಯಲ್ಲಿ ವಯಸ್ಸಾದವರ ತಲೆ ನೋಡೋ ಡಾಕ್ಟರಿದ್ದಾರೆ. ಅವಳು ಕೂಗಾಡಿದ್ರೂ ಬಿಡಲ್ಲ."

ಗುರುವಾರ ಬೆಳಿಗ್ಗೆ ತೆಬಾನ್ ಒಬ್ಬನೇ ಆ ಮನೆಗೆ ಹೋಗಿ, ಹಜಾರದ ನಡುವೆ ಕುಕ್ಕರಗಾಲಲ್ಲಿ ಕೂತು, ಗೋಡೆಗಳನ್ನು ಹೊಸಬರ ಮನೆಯದೆಂಬಂತೆ ನೋಡಿದ. ಸಮುದ್ರದ ಮರಳಾಗಿದ್ದರೆ ಗೋಡೆ ಪೂರ್ತಿ ಬೆವರಬೇಕು. ಇಲ್ಲಿ ಹಾಗಿಲ್ಲ. ನಾಲ್ಕು ಮೂಲೆ, ಬಾಗಿಲ ಎಡಬದಿ, ಮಂಚದ ತಲೆದೆಸೆ. ಎಲ್ಲ ಕಡೆಯೂ ಕಲೆ ನೆಲದಿಂದ ಮೂರನೇ ಬ್ಲಾಕಿನ ವರಸೆಯ ಎತ್ತರದಲ್ಲೇ ಶುರುವಾಗಿ ಕೆಳಕ್ಕೂ ಮೇಲಕ್ಕೂ ಹಬ್ಬಿದೆ. ಮರಳಿಗೆ ಇಷ್ಟು ಅಚ್ಚುಕಟ್ಟು ಎಲ್ಲಿಂದ ಬರಬೇಕು?

ಮೂಲೆಯಲ್ಲಿ ಎದ್ದಿದ್ದ ಬಿಳಿ ಪುಡಿಯನ್ನು ಬೆರಳಲ್ಲಿ ಕೆರೆದು ನಾಲಿಗೆಗೆ ಹಚ್ಚಿದ. ಉಪ್ಪು. ಸಾಧಾರಣ ಉಪ್ಪಲ್ಲ, ಬಾಯಿ ಕಿವುಚುವಷ್ಟು.

ಉಳಿ ಸುತ್ತಿಗೆ ತಂದು ಮೂರನೇ ವರಸೆಯ ಒಂದು ಬ್ಲಾಕನ್ನು ಒಡೆದ. ಅವು ನಡುವೆ ತೂತಿರುವ ಸಿಮೆಂಟ್ ಬ್ಲಾಕುಗಳು, ಒಂದರ ಮೇಲೊಂದಿಟ್ಟು ತೂತಿಗೆ ಕಂಬಿ ಇಳಿಸಿ ಸಿಮೆಂಟು ತುಂಬುತ್ತಾರೆ. ಈ ತೂತಿನಲ್ಲಿ ಮೇಲೆ ನಾಲ್ಕು ಬೆರಳು ಸಿಮೆಂಟು, ಅದರ ಕೆಳಗೆ ಒದ್ದೆ ಮುದ್ದೆ. ಕೈ ಹಾಕಿ ಎಳೆದ. ದಪ್ಪ ಹರಳಿನ ಬೂದು ಉಪ್ಪು, ನಡುನಡುವೆ ಕೆಂಪು ಮಡಕೆ ಚೂರಿನ ಪುಡಿ. ಮಡಕೆ ಚೂರು ಹಾಸಿದ ಹಳೆಯ ಉಪ್ಪಿನ ಗದ್ದೆಗಳಲ್ಲಿ ಬೆಳೆದದ್ದು. ಅಂಥ ಉಪ್ಪನ್ನು ಈಗ ಯಾರೂ ಬೆಳೆಯುವುದಿಲ್ಲ. ಕೊನೆಯ ಬೆಳೆಯ ಮೂಟೆಗಳನ್ನು ಅಟ್ಟದ ಮೇಲೆ ಜೋಪಾನ ಮಾಡಿಟ್ಟವರು ಈ ಕರಾವಳಿಯಲ್ಲಿ ಒಬ್ಬರೇ.

ತೆಬಾನ್ ಅಲ್ಲೇ ಗೋಡೆಗೊರಗಿ ಕೂತ. ಮೊದಲು ಸಿಟ್ಟು ಬಂತು, ನೆತ್ತಿಗೇರಿ ಕಿವಿ ಬಿಸಿಯಾಗುವಷ್ಟು. ಆಮೇಲೆ ಹಗುರವೆನಿಸಿತು, ಮರಳು ತಪ್ಪಲ್ಲ, ತಾನು ತಪ್ಪಲ್ಲ. ಹಿಡಿ ಉಪ್ಪನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅತ್ತೆಯ ಮನೆಗೆ ಹೊರಟ.

ಸಾಬೆಲ್ ಹಿತ್ತಲ ಮೆಟ್ಟಿಲ ಮೇಲೆ ಕೂತು ಸೀಳಿದ ಮೀನಿಗೆ ಉಪ್ಪು ತಿಕ್ಕುತ್ತಿದ್ದಳು. ತೆಬಾನ್ ಕರವಸ್ತ್ರ ಬಿಚ್ಚಿ ಅವಳ ಮುಂದಿಟ್ಟ.

"ಇದೇನು?" ಅಂದಳು. ಗೊತ್ತಿಲ್ಲದವಳ ಹಾಗೆ ಅನ್ನಲು ನೋಡಿದಳು, ಆದರೆ ತನ್ನ ಉಪ್ಪಿನ ಗುರುತು ಸಿಗಲಿಲ್ಲ ಅನ್ನಲು ಅವಳ ಹೆಮ್ಮೆ ಬಿಡಲಿಲ್ಲ. "ನಮ್ಮ ಗದ್ದೇದು. ಎಲ್ಲಿತ್ತು?"

"ನೀವು ಇಟ್ಟ ಜಾಗದಲ್ಲೇ ಇತ್ತು ನಾನಂಗ್."

ಮುದುಕಿ ಇನ್ನೊಂದು ಮೀನು ತೆಗೆದುಕೊಂಡಳು. "ಹೊಸ ಮನೆ ಮೂಲೆಗೆ ಉಪ್ಪು ಹಾಕೋದು ಇವತ್ತಿನದಾ? ಪಾದ್ರಿಯವರೇ ಮಂತ್ರಿಸಿ ಕೊಡ್ತಾರೆ. ಕೆಟ್ಟದ್ದು ಒಳಗೆ ಬರಲ್ಲ."

"ಎಲ್ಲರೂ ಒಂದು ಹಿಡಿ ಹಾಕ್ತಾರೆ."

"ಒಂದು ಹಿಡಿ ಹಾಕೋರು ಅಂಗಡಿಯಿಂದ ಕೊಂಡು ತರೋರು. ನಾವು ಬೆಳೆದೋರು."

"ಎಷ್ಟು ಹಾಕಿದ್ರಿ?"

"ಹನ್ನೊಂದು ಬುಟ್ಟಿ," ಅಂದಳು, ತಲೆ ಎತ್ತಿ. "ಒಂದು ವಾರ ಹಿಡೀತು. ಸಂಜೆ ನಿನ್ನ ಆಳುಗಳು ಮನೆಗೆ ಹೋದ್ಮೇಲೆ ಹೋಗಿ ಸುರೀತಿದ್ದೆ. ಪಾದ್ರಿಯವರ ಉಪ್ಪು ಮೇಲೆ ಒಂದೊಂದು ಚಿಟಿಕೆ. ಬೆಳಿಗ್ಗೆ ನೀನು ಬಂದು ಸಿಮೆಂಟು ಹಾಕಿ ಮುಚ್ತಿದ್ದೆ. ಲಾರಿಗಟ್ಟಲೆ ಮರಳು ತಿನ್ನೋನು, ತೂತಿನೊಳಗೆ ಒಂದ್ಸಲ ಬಗ್ಗಿ ನೋಡ್ಬಾರ್ದಿತ್ತಾ?"

ತೆಬಾನನಿಗೂ ಅದೇ ಅನ್ನಿಸಿತು. ಬಗ್ಗಿ ನೋಡಬೇಕಿತ್ತು, ನೋಡಿರಲಿಲ್ಲ. "ಯಾಕೆ ನಾನಂಗ್? ಹನ್ನೊಂದು ಬುಟ್ಟಿ?"

"ಈ ಮೀನು ನೋಡು. ಉಪ್ಪು ಹಾಕದಿದ್ರೆ ಸಂಜೆಗೆ ನಾರುತ್ತೆ. ಹಾಕಿದ್ರೆ ಮಳೆಗಾಲ ಪೂರ್ತಿ ಇರುತ್ತೆ. ಮನೆಗೂ ಹಾಗೇ. ನಿನಗೆ ಇಷ್ಟೂ ಗೊತ್ತಾಗಲ್ವಾ?"

ತೆಬಾನ್ ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತ. ವಾದ ಮಾಡಿ ಗೆಲ್ಲಬಹುದಾದ ಆಸಾಮಿಯಲ್ಲ ಇವಳು. ಮೆತ್ತಗೆ ಒಂದೇ ಪ್ರಶ್ನೆ ಕೇಳಿದ. "ಗದ್ದೆ ಹತ್ರ ನಿಮ್ಮ ಉಪ್ಪಿನ ಉಗ್ರಾಣ ಇತ್ತಲ್ಲ. ಮಳೆಗಾಲದಲ್ಲಿ ಅದರ ಗೋಡೆ ಹೇಗಿರ್ತಿತ್ತು?"

"ಹೇಗಿರುತ್ತೆ? ನೀರು ಇಳೀತಿರ್ತಿತ್ತು. ಮೋಡ ಆದ್ರೆ ಸಾಕು, ನೆಲ ಎಲ್ಲಾ..." ಮುದುಕಿಯ ಮಾತು ನಿಂತಿತು. ಮೀನಿನ ಮೇಲಿದ್ದ ಕೈಯೂ ನಿಂತಿತು.

ಎಂಬತ್ತು ವರ್ಷ ಉಪ್ಪಿನ ಜೊತೆ ಬದುಕಿದವಳು. ಮೋಡ ಕವಿದರೆ ಉಪ್ಪು ಬೆವರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಉಗ್ರಾಣದಲ್ಲಿ ಗೊತ್ತಿದ್ದದ್ದು ಮಗಳ ಮನೆಯ ಹತ್ತಿರ ಬಂದಾಗ ಮರೆತುಹೋಗಿತ್ತು, ಅಷ್ಟೆ. ಪ್ರೀತಿ ಉಕ್ಕಿದಾಗ ಬುದ್ಧಿ ಒಂದು ಹೆಜ್ಜೆ ಹಿಂದುಳಿಯುವುದು ಅವಳೊಬ್ಬಳಿಗೇ ಅಲ್ಲ.

"ಅಯ್ಯೋ," ಅಂದಳು, ಬಹಳ ಸಣ್ಣ ದನಿಯಲ್ಲಿ. "ನನ್ನ ಮಗಳನ್ನ ಉಗ್ರಾಣದಲ್ಲಿ ಮಲಗಿಸಿದ್ನಲ್ಲೋ."

ತೆಬಾನ್ ಕರವಸ್ತ್ರದ ಉಪ್ಪನ್ನು ಮತ್ತೆ ಗಂಟು ಕಟ್ಟಿದ.

"ಅವಳಿಗೆ ಹೇಳ್ಬೇಡ. ಒಂದು ಪಾತ್ರೆ ಹೊತ್ತಿದ್ದಕ್ಕೇ ತಲೆ ಡಾಕ್ಟರ ಹತ್ರ ಅಂತಾಳೆ. ಇದು ಗೊತ್ತಾದ್ರೆ ಅದೇ ದಿನ ಬಸ್ಸು ಹತ್ತಿಸ್ತಾಳೆ. ಹತ್ತನೇ ಅಂತಸ್ತಿನ ಮನೆಯಂತೆ ಅವಳದ್ದು. ಹಿತ್ತಲಿಲ್ಲ, ಸಮುದ್ರ ಇಲ್ಲ. ನಾನಲ್ಲಿ ಏನ್ ಮಾಡ್ಲಿ? ಗೋಡೆ ನೋಡ್ಕೊಂಡು ಸಾಯ್ಲಾ?" ಅವಳು ಯಾವತ್ತೂ ಅವನನ್ನು ಏನೂ ಬೇಡಿದವಳಲ್ಲ. ಈಗಲೂ ಬೇಡಿದ ಹಾಗೆ ಕೇಳಿಸಬಾರದೆಂದು ದನಿ ಏರಿಸಿದಳು. "ಏನು, ಕೇಳಿಸ್ತಾ?"

"ಕೇಳಿಸ್ತು. ಹೇಳಲ್ಲ."

ಓಫೇಲಿಯಾಳ ಮನೆಗೆ ವಾಪಸಾಗುವ ದಾರಿಯಲ್ಲಿ ಲೆಕ್ಕ ಹಾಕಿದ. ಬಾಯಿ ಬಿಟ್ಟರೆ ಮುದುಕಿ ಊರು ಬಿಡಬೇಕು. ಬಿಡದಿದ್ದರೆ ಶನಿವಾರದಿಂದ ತಾನು ಸಮುದ್ರದ ಮರಳಿನ ಮೇಸ್ತ್ರಿ. ಐವತ್ತೆಂಟರ ವಯಸ್ಸಿನಲ್ಲಿ ಇನ್ನೊಂದು ಹೆಸರು ಗಳಿಸಲು ಇನ್ನೊಂದು ಮೂವತ್ತು ವರ್ಷ ಎಲ್ಲಿದೆ? ಒಡೆದ ಬ್ಲಾಕಿಗೆ ಸಿಮೆಂಟು ಮೆತ್ತುವಾಗ ಅವನಿಗೆ ಅಳು ಬಂತು. ಅತ್ತುಬಿಟ್ಟ, ಯಾರೂ ಇರಲಿಲ್ಲವಾದ್ದರಿಂದ ನಾಚಿಕೆಯಾಗಲಿಲ್ಲ. ಕೋರಿಂಗಳಿಗೂ ಹೇಳಲಿಲ್ಲ; ಅಕ್ಕತಂಗಿಯರ ನಡುವೆ ಗುಟ್ಟು ನಿಲ್ಲುವುದಿಲ್ಲ.

ಶನಿವಾರ ಹತ್ತು ಗಂಟೆಗೆ ಓಫೇಲಿಯಾ ಬಂದಳು. ಜೊತೆಗೆ ಇಂಜಿನಿಯರ್ ಕಾತಿಂಡಿಗ್, ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಗೋಡೆಗೆ ಒತ್ತಿದರೆ ಕಿಂಯ್ ಎನ್ನುವ ಒಂದು ಯಂತ್ರ. ಕೋರಿಂಗ್ ಬಾಗಿಲ ಬಳಿ, ಸಾಬೆಲ್ ಹಜಾರದಲ್ಲಿದ್ದ ಒಂದೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಜಪಮಾಲೆ ಹಿಡಿದು. ಯಂತ್ರ ಎಲ್ಲ ಮೂಲೆಯಲ್ಲೂ ಕಿಂಯ್ ಎಂದಿತು, ಮಂಚದ ತಲೆದೆಸೆಗೆ ಬಂದಾಗ ಬಾಯಿ ಮುಚ್ಚಲೇ ಇಲ್ಲ. ಇಂಜಿನಿಯರ್ ಉಗುರಿನಿಂದ ಬಿಳಿ ಪುಡಿ ಕೆರೆದು ಓಫೇಲಿಯಾಳ ಮುಂದೆ ಹಿಡಿದ.

"ನೀವೇ ರುಚಿ ನೋಡಿ ಮೇಡಂ."

ಅವಳು ನೋಡಿದಳು. ಮುಖ ಕಿವುಚಿದಳು.

"ಸಮುದ್ರದ ಮರಳು. ಹಳೇ ಆಟ ಇದು," ಅಂದ ಇಂಜಿನಿಯರ್. "ಮನೆಯವರು ಮನಿಲಾದಲ್ಲಿ, ಕೇಳೋರು ಯಾರು ಅಂತ."

ಓಫೇಲಿಯಾ ತೆಬಾನನ ಕಡೆ ತಿರುಗಿದಳು. "ತೆಬಾನ್?"

ತೆಬಾನ್ ನೆಲ ನೋಡಿದ. ರಾತ್ರಿಯೆಲ್ಲ ಉರು ಹೊಡೆದ ಮಾತನ್ನು ಒಪ್ಪಿಸಿದ. "ಒಂದು ಲೋಡು ತಪ್ಪಾಗಿರ್ಬೇಕು ಅಕ್ಕಾ. ನಾನು ಸರಿಯಾಗಿ ನೋಡ್ಲಿಲ್ಲ. ನಾನೇ ಒಡೆದು ಮತ್ತೆ ಕಟ್ಟಿಕೊಡ್ತೀನಿ."

ಕೋರಿಂಗ್ ಬಾಯಿಗೆ ಕೈ ಅಡ್ಡ ಹಿಡಿದಳು. ಗಂಡನ ಬಾಯಿಂದ ಇಂಥ ಮಾತು ಬರುತ್ತದೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ.

"ತಪ್ಪಾಯ್ತಂತೆ!" ಇಂಜಿನಿಯರ್ ನಕ್ಕ. "ಕಳ್ಳತನಕ್ಕೆ ಈಗ ಆ ಹೆಸರಾ? ಮೇಡಂ, ಇಂಥವನ ಕೈಗೆ ಮತ್ತೆ ಕರಣೆ ಕೊಡ್ಬೇಡಿ. ನೆಂಟ ಅಂತ ಮುಖ ನೋಡ್ಬೇಡಿ. ಇವನು..."

"ಏಯ್."

ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಉರುಳಿತು. ಸಾಬೆಲ್ ಎದ್ದು ನಿಂತಿದ್ದಳು. ಇಂಜಿನಿಯರನ ಎದೆಯ ಎತ್ತರಕ್ಕೂ ಬರುತ್ತಿರಲಿಲ್ಲ, ಆದರೆ ಅವನೇ ಒಂದು ಹೆಜ್ಜೆ ಹಿಂದೆ ಸರಿದ.

"ಇವನನ್ನ ಬೈಯೋಕೆ ಇಪ್ಪತ್ತಾರು ವರ್ಷದಿಂದ ನಾನಿದ್ದೀನಿ. ನೀನ್ಯಾರೋ?"

"ಅಜ್ಜೀ, ಗೋಡೆಯಲ್ಲಿ ಉಪ್ಪು..."

"ಉಪ್ಪಿದೆ ಅಂತ ನಿನ್ನ ಕಿಂಯ್‌ಗುಟ್ಟೋ ಡಬ್ಬಿ ಹೇಳ್ಬೇಕಾ? ಹಾಕಿದೋಳು ನಾನು. ಹನ್ನೊಂದು ಬುಟ್ಟಿ. ನನ್ನ ಸ್ವಂತ ಗದ್ದೇದು." ಆಮೇಲೆ ತೆಬಾನನ ಕಡೆ ತಿರುಗಿದಳು, ಕಣ್ಣು ತುಂಬಿತ್ತು, ಬಾಯಿ ಮಾತ್ರ ಬಿಗುವಾಗೇ ಇತ್ತು. "ನೀನು ಹೇಳೇ ಹೇಳ್ತೀಯ ಅಂದ್ಕೊಂಡಿದ್ದೆ. ಯಾವ ಗಂಡಸು ಇಂಥದ್ದನ್ನ ಹೊಟ್ಟೇಲಿಟ್ಕೋತಾನೆ? ನಿನ್ನೆಯೇ ಬಟ್ಟೆ ಗಂಟು ಕಟ್ಟಿಟ್ಟೆ. ನೋಡಿದ್ರೆ ಬಾಯಿಗೆ ಬೀಗ ಹಾಕ್ಕೊಂಡು, ಕಳ್ಳ ಅನಿಸ್ಕೊಂಡು ನಿಂತಿದ್ದೀಯಲ್ಲೋ, ದಡ್ಡಾ. ನಾನು ಹೇಳ್ಬೇಡ ಅಂದೆ ಅಂತ ಇಷ್ಟಾ?"

ಓಫೇಲಿಯಾ ಗೋಡೆಯ ಹತ್ತಿರ ಹೋಗಿ ಮೂಲೆಯ ಕಲೆಯ ಮೇಲೆ ಕೈಯಿಟ್ಟಳು. "ಇಲ್ಲಿ ಎಷ್ಟು ಹಾಕಿದೆ?"

"ಮೂಲೆಗೆ ಒಂದೊಂದು. ಬಾಗಿಲಿಗೆ ಒಂದು."

ಮಲಗುವ ಕೋಣೆಗೆ ನಡೆದಳು. ಎಲ್ಲರೂ ಹಿಂದೆ ಹೋದರು. ಮಂಚದ ತಲೆದೆಸೆಯ ಆ ದೊಡ್ಡ ಒದ್ದೆಯ ಮುಂದೆ ನಿಂತು ಕೇಳಿದಳು, "ಉಳಿದ ಆರೂ ಇಲ್ಲೇ?"

"ನೀನು ಮಲಗೋ ಜಾಗ ಅಲ್ವಾ," ಅಂದಳು ಮುದುಕಿ. "ಹದಿನಾಲ್ಕು ವರ್ಷಕ್ಕೆ ಹೋದೋಳು. ಆಮೇಲೆ ಮೂರು ರಾತ್ರಿ ಮೇಲೆ ನಾಲ್ಕನೇ ರಾತ್ರಿ ನನ್ನ ಕಣ್ಣಿಗೆ ಬಿದ್ದಿಲ್ಲ. ನಲವತ್ತೇಳು ವರ್ಷ. ಉಪ್ಪು ಹಾಕಿದ್ದು ಉಳಿಯುತ್ತೆ. ನೀನೂ ಉಳೀಲಿ ಅಂತ ಹಾಕ್ದೆ." ಆಮೇಲೆ, ಹೇಳುವುದೆಲ್ಲ ಹೇಳಿಯಾಯಿತೆಂಬಂತೆ, "ಹೂಂ, ಈಗ ಕರ್ಕೊಂಡು ಹೋಗು ನಿನ್ನ ತಲೆ ಡಾಕ್ಟರ ಹತ್ರ. ಗಂಟು ಬಾಗಿಲ ಹಿಂದೆ ಇದೆ."

ಓಫೇಲಿಯಾ ಮಂಚದ ಮೇಲೆ ಕುಸಿದು ಕೂತಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಕೋರಿಂಗ್ ಹತ್ತಿರ ಹೋದಳು. ನೋಡಿದರೆ ನಗು. ನಗು ಹೆಚ್ಚಾಗಿ ಅಳುವಾಗಿ, ಅಳುವಿನ ನಡುವೆ ಮತ್ತೆ ನಗು ನುಗ್ಗಿ, ಮೂಗು ಒರೆಸಿಕೊಳ್ಳುತ್ತ ಅಂದಳು, "ಅಲ್ಲಾ ನಾನಂಗ್, ನನ್ನನ್ನ ಒಣಮೀನು ಮಾಡೋಕೆ ಹೊರಟಿದ್ಯಾ?"

"ಮೀನಾದ್ರೆ ಮಾತು ಕೇಳುತ್ತೆ," ಅಂದಳು ಸಾಬೆಲ್.

ಓಫೇಲಿಯಾ ಅಮ್ಮನ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಬಾಗಿಲ ಹಿಂದಿನ ಗಂಟನ್ನು ಅವಳೇ ಹೋಗಿ ತಂದು ಬಿಚ್ಚಿದಳು. ಎರಡು ಲಂಗ, ಮೂರು ರವಿಕೆ, ಒಂದು ಜೊತೆ ಚಪ್ಪಲಿ. ಮಡಚಿ ಕೋರಿಂಗಳ ಕೈಗೆ ಕೊಟ್ಟು, "ಇದನ್ನ ಅಮ್ಮನ ಮನೆಗೆ ತಗೊಂಡೋಗಿ ಇಡು. ನನ್ನ ಚೀಲಾನೂ ಅಲ್ಲೇ ಇಡು. ಗೋಡೆ ಮುಗಿಯೋವರೆಗೆ ನಾನು ಅಮ್ಮನ ಜೊತೆ ಮಲಗ್ತೀನಿ," ಅಂದಳು. ಇಂಜಿನಿಯರನನ್ನು ಊಟಕ್ಕೆ ನಿಲ್ಲಿಸದೆ ಕಳಿಸಿದರು. ಆ ಕಡೆಯಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ತೆಬಾನನ ಹತ್ತಿರ ಬಂದು ಓಫೇಲಿಯಾ ಅವನ ಎರಡೂ ಕೈಗಳನ್ನು ಹಿಡಿದುಕೊಂಡು ನಿಂತಳು. "ನಿನ್ನನ್ನ ನಂಬದೆ ಹೋದೆನಲ್ಲೋ," ಅಂದಳು.

"ಉಪ್ಪು ಸಿಕ್ಕಿದ್ದು ನಿಜ ತಾನೇ ಅಕ್ಕಾ. ಯಾರಾದ್ರೂ ಹಾಗೇ ಅಂದ್ಕೋತಾರೆ."

ಸೋಮವಾರದಿಂದ ಒಡೆಯಲು ಶುರು. ಉಪ್ಪು ಕುಡಿದ ಬ್ಲಾಕು ಒಂದೂ ಉಳಿಯುವಂತಿರಲಿಲ್ಲ, ಬಿಟ್ಟರೆ ಕಂಬಿ ತಿಂದುಹಾಕುತ್ತದೆ. ತೆಬಾನ್ ಮಾಡಿಗೆ ಊರೆ ಕೊಟ್ಟು ಒಂದೊಂದೇ ಮೂಲೆ ಬಿಚ್ಚಿದ. ಸಾಬೆಲ್ ಕುರ್ಚಿ ಹಾಕಿಸಿಕೊಂಡು ಕೂತು, "ಅಲ್ಲಿ ಇನ್ನೂ ಇದೆ, ಕಣ್ಣಿಲ್ವಾ?" ಎಂದು ಮೇಲ್ವಿಚಾರಣೆ ನಡೆಸಿದಳು. ಓಫೇಲಿಯಾ ಕೈಗವಸು ತೊಟ್ಟು ತೂತುಗಳಿಂದ ಉಪ್ಪು ಬಗೆದಳು. ಮೂರು ರಾತ್ರಿ ಕಳೆದು ನಾಲ್ಕನೆಯದಾಯಿತು, ಹತ್ತನೆಯದಾಯಿತು. ಬಸ್ಸಿನ ಮಾತು ಯಾರೂ ಎತ್ತಲಿಲ್ಲ.

ಮನೆಯೊಳಗೆ ಎಲ್ಲ ಸರಿಹೋಯಿತು. ಆದರೂ ತೆಬಾನನ ಎದೆಯಲ್ಲಿ ಒಂದು ಮುಳ್ಳು ಉಳಿದಿತ್ತು. ಮನೆಯವರಿಗೆ ಗೊತ್ತಾದದ್ದು ಪೇಟೆಗೆ ಗೊತ್ತಾಗುವುದು ಹೇಗೆ? ಗೋಡೆ ಒಡೆಯುತ್ತಿರುವುದನ್ನ ದಾರಿಹೋಕರು ನೋಡುತ್ತಿದ್ದರು. ಮೇಸ್ತ್ರಿ ತಾನು ಕಟ್ಟಿದ್ದನ್ನ ತಾನೇ ಒಡೆದರೆ ಜನ ಏನೆಂದುಕೊಳ್ಳುತ್ತಾರೆ? ಸಿಕ್ಕಿಬಿದ್ದ ಅಂತಲೇ. ಹೋಗಿ ಹೇಳೋಣವೆಂದರೆ ಅತ್ತೆಯನ್ನು ಪೇಟೆಯಲ್ಲಿ ನಗೆಪಾಟಲು ಮಾಡಿದ ಹಾಗೆ. ಅದು ಅವನಿಂದ ಆಗದು. ಹೆಸರು ಹೋದರೆ ಹೋಯಿತು ಎಂದು ತನಗೆ ತಾನೇ ದಿನಾ ಹೇಳಿಕೊಳ್ಳುತ್ತಿದ್ದ. ದಿನಾ ಹೇಳಿಕೊಳ್ಳಬೇಕಾಗಿ ಬರುತ್ತಿತ್ತು.

ಎರಡನೆಯ ಭಾನುವಾರ ಚರ್ಚಿನ ಪೂಜೆ ಮುಗಿಸಿ ಮೊಳೆ ತರಲೆಂದು ಪೇಟೆಗೆ ಹೋದ. ಸಿಮೆಂಟಿನಂಗಡಿ ಮುಂದೆ ಜನ ಗುಂಪಾಗಿದ್ದರು. ಅವರ ನಡುವಿನಿಂದ ಬಂದ ದನಿ ಕೇಳಿ ಅವನ ಕಾಲು ಅಲ್ಲೇ ನಿಂತಿತು. ಪಕ್ಕದ ಬಾಳೆಹಣ್ಣಿನಂಗಡಿಯಲ್ಲಿ ತೂಗುಬಿಟ್ಟ ಗೊನೆಗಳ ಹಿಂದೆ ಸರಿದು ಇಣುಕಿದ.

ಸಾಬೆಲ್ ಗಿಡ್ಡ ಮಣೆಯ ಮೇಲೆ ಕೂತಿದ್ದಳು. ಚರ್ಚಿಗೆಂದು ಉಟ್ಟ ಒಳ್ಳೆಯ ಬಟ್ಟೆ. ಮುಂದೆ ಒಂದು ಬುಟ್ಟಿ, ಅದರಲ್ಲಿ ಸಿಮೆಂಟಿನ ಚೂರುಗಳು ಬೆರೆತ ಕೊಳಕು ಉಪ್ಪು. ಪಕ್ಕದಲ್ಲಿ ಓಫೇಲಿಯಾ ಕೊಡೆ ಹಿಡಿದು ನಿಂತಿದ್ದಳು.

"ಏನ್ ನಾನಂಗ್, ಮತ್ತೆ ಉಪ್ಪು ಮಾರೋಕೆ ಶುರು ಮಾಡಿದ್ರಾ?" ಯಾರೋ ಕೇಳಿದರು.

"ಮಾರೋಕಲ್ಲ, ತೋರ್ಸೋಕೆ. ಬಾ, ಕೈ ಹಾಕಿ ನೋಡು. ಇದು ನನ್ನ ಮಗಳ ಮನೆ ಗೋಡೆಯಿಂದ ಬಂತು. ಯಾರು ಹಾಕಿದ್ದು? ನಾನು. ಎಷ್ಟು? ಹನ್ನೊಂದು ಬುಟ್ಟಿ. ನಗು, ನಗು, ಹಲ್ಲಿದ್ದಾಗ ನಗ್ಬೇಕು."

ಜನ ನಕ್ಕರು. ಹೊಟ್ಟೆ ಹಿಡಿದು ನಕ್ಕರು. ಮುದುಕಿ ನಗಲು ಬಿಟ್ಟಳು. ತನ್ನನ್ನು ನೋಡಿ ಯಾರಾದರೂ ತುಟಿ ಅಲುಗಿಸಿದರೆ ಮೂರು ತಲೆಮಾರು ಜಾಲಾಡುತ್ತಿದ್ದವಳು, ಕೈ ಮೊಣಕಾಲ ಮೇಲಿಟ್ಟುಕೊಂಡು ಕಾದಳು. ಅಡುಗೆಮನೆ ಕೆಲಸ ಒಪ್ಪಿಸಿದ್ದ ಶಾಲೆಯ ಮೇಡಂ ಗುಂಪಿನಲ್ಲಿದ್ದರು, ಅಂಗಡಿಯಾಕೆಯೂ ಹೊರಗೆ ಬಂದಿದ್ದಳು.

"ಅಂದ್ರೆ ಮೇಸ್ತ್ರಿ ಮರಳು ಚೆನ್ನಾಗೇ ಇತ್ತಾ?" ಮೇಡಂ ಕೇಳಿದರು.

"ಮರಳಾ?" ಸಾಬೆಲ್ ದನಿ ಏರಿಸಿದಳು, ಪೇಟೆಯ ಆ ತುದಿಗೂ ಕೇಳಲೆಂದು. "ಒಂದೊಂದು ಮೂಲೆ ಒಡೆಯೋಕೆ ಎರಡೆರಡು ದಿನ ಹಿಡೀತು. ಆಳುಗಳ ಕೈಯೆಲ್ಲ ಬೊಬ್ಬೆ. ಸುತ್ತಿಗೆ ಹಿಡಿ ಎರಡು ಮುರೀತು. ಆರು ಬುಟ್ಟಿ ಉಪ್ಪು ಹೊಟ್ಟೇಲಿ ಇಟ್ಕೊಂಡೂ ಬಿರುಕು ಬಿಡಲಿಲ್ಲ ಕಣ್ರೀ ಆ ಗೋಡೆ. ನನ್ನ ಅಳಿಯ ಕಟ್ಟಿದ್ದು. ಇಂಥ ಕೈ ಈ ಕರಾವಳಿಯಲ್ಲಿ ಇನ್ನೊಂದಿದ್ರೆ ಕರ್ಕೊಂಡು ಬನ್ನಿ, ನಾನು ಉಳಿದ ಉಪ್ಪೆಲ್ಲ ಇಲ್ಲೇ ಕೂತು ತಿಂತೀನಿ."

ಬಾಳೆಗೊನೆಗಳ ಹಿಂದೆ ತೆಬಾನನಿಗೆ ಕಣ್ಣು ಮಂಜಾಯಿತು. ಮುಂದೆ ಹೋಗಬೇಕೆನ್ನಿಸಿತು, ಹೋಗಲಿಲ್ಲ. ತನ್ನನ್ನು ನೋಡಿದರೆ ಅವಳು ಕೂಡಲೇ ಬೈಯುತ್ತಾಳೆಂದು ಅವನಿಗೆ ಗೊತ್ತಿತ್ತು. ಅಷ್ಟರಲ್ಲಿ ಮೀನು ಮಾರುವ ಇಬ್ಬರು ಹೆಂಗಸರು ಬುಟ್ಟಿಯ ಹತ್ತಿರ ಬಂದು ಏನಿದೆಯೆಂದು ಬಗ್ಗಿದರು. ಮುದುಕಿ ಗಂಟಲು ಸರಿಮಾಡಿಕೊಂಡು ಕಥೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿದಳು. ತೆಬಾನ್ ಮೊಳೆಯ ವಿಷಯ ಮರೆತು, 'ನನ್ನ ಅಳಿಯ ಕಟ್ಟಿದ್ದು' ಎಂಬ ಮಾತು ಬರುವವರೆಗೂ ಕಾಯುತ್ತ ಅಲ್ಲೇ ನಿಂತ.